ಬಾಲ್ಕನಿ ಯಾರ ಲೆಕ್ಕಕ್ಕೆ? ಗಾಂಜಾ ಮತ್ತು ಹೊಗೆ ನಿಯಮದ ಬೆನ್ನು ಹತ್ತಿ ಸಿಟಿ ಹಾಲ್ ಸುತ್ತಿದ 14 ತಿಂಗಳು

ನಮ್ಮ ಸಿಟಿಯ ಹೊಸ ಹೊಗೆ ನಿಯಮ ಜಾರಿಗೆ ಬಂದು ಇವತ್ತಿಗೆ ಒಂಬತ್ತು ದಿನ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕಣಿವೆಯ ಒಂದು ನಡುಗಾತ್ರದ ಊರು ಅಂತಿಟ್ಟುಕೊಳ್ಳಿ, ಹೆಸರು ಬೇಡ. ಅಕ್ಕಪಕ್ಕದ ಬಾಲ್ಕನಿಯ ಗಾಂಜಾ, ಸಿಗರೇಟು ಹೊಗೆ ನಮ್ಮ ಮನೆಗೆ ಬಾರದಂತೆ ನಿಯಮ ಮಾಡಿಸಲು ಒಂದೇ ಅಪಾರ್ಟ್‌ಮೆಂಟ್ ಸಮುಚ್ಚಯದ ಹನ್ನೊಂದು ಮನೆಯವರು ಬೆನ್ನು ಹತ್ತಿದ್ದೆವು, ಅದರಲ್ಲಿ ಆರು ಕನ್ನಡದ ಮನೆಗಳು. ಒಟ್ಟು 14 ತಿಂಗಳು, ಒಂಬತ್ತು ಸಭೆ. ಇದರಲ್ಲಿ ನಾಲ್ಕೈದು ತಿಂಗಳು ಸುಮ್ಮನೆ ಹಾಳಾದದ್ದು. ಅರ್ಧ ತಪ್ಪು ಕರಡು ಬರೆದವರದು, ಅರ್ಧ ಪದ್ಧತಿ ತಿಳಿಯದ ನಮ್ಮದು. ಅಕ್ಕಪಕ್ಕದ ಊರುಗಳಲ್ಲೂ ಇಂಥದ್ದೇ ಮರುಪರಿಶೀಲನೆ ಆಗಾಗ ಏಳುತ್ತಿರುತ್ತದೆ. ಅಲ್ಲಿಯವರು ಅದೇ ಗುಂಡಿಗೆ ಬೀಳದಿರಲಿ ಅಂತ, ಮರೆಯುವ ಮುಂಚೆ ಬರೆದಿಡುತ್ತಿದ್ದೇವೆ.

ಕಾನೂನು ಎಲ್ಲಿ ನಿಂತಿದೆ ಅನ್ನುವುದು ಮೊದಲು. 2016ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಮತದಾರರು ಗಾಂಜಾವನ್ನು ಕಾನೂನುಬದ್ಧ ಮಾಡುವ ಜನಮತದ ಪ್ರಸ್ತಾವ, ಪ್ರಾಪೊಸಿಷನ್ 64ನ್ನು ಸುಮಾರು ಶೇ. 57ರಷ್ಟು ಮತ ಕೊಟ್ಟು ಗೆಲ್ಲಿಸಿದರು. 21 ತುಂಬಿದವರು 28.5 ಗ್ರಾಂ ಗಾಂಜಾ, ಸಾಂದ್ರ ರೂಪದ್ದಾದರೆ 8 ಗ್ರಾಂ ಇಟ್ಟುಕೊಳ್ಳಬಹುದು. ಆರು ಗಿಡ ಬೆಳೆಸಬಹುದು. ತಲೆಗೆ ಆರಲ್ಲ, ಮನೆಗೆ ಆರು. ಅಂಗಡಿಯಲ್ಲಿ ಮಾರಾಟ 2018ರ ಜನವರಿ 1ರಿಂದ ಶುರುವಾಯಿತು. ಇಷ್ಟು ಕೇಳಿದವರು ಎಲ್ಲ ಊರಿಗೂ ಒಂದೇ ನಿಯಮ ಬಂತು ಅಂದುಕೊಳ್ಳುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಅಂಗಡಿ ಬೇಕೋ ಬೇಡವೋ ಅನ್ನುವ ತೀರ್ಮಾನವನ್ನು ರಾಜ್ಯ ಆಯಾ ಸಿಟಿಗೆ, ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಬಿಟ್ಟುಕೊಟ್ಟಿದೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಚಿಲ್ಲರೆ ಅಂಗಡಿಗೆ ಇವತ್ತಿಗೂ ಅನುಮತಿ ಇಲ್ಲ. ಹೊರಗಡೆ, ಹಿತ್ತಲಲ್ಲಿ ಗಿಡ ಬೆಳೆಸುವುದನ್ನು ಸಿಟಿ ಪೂರ್ತಿ ನಿಷೇಧಿಸಬಹುದು. ಮನೆಯೊಳಗಿನ ಆರು ಗಿಡವನ್ನು ಮಾತ್ರ ಪೂರ್ತಿ ನಿಷೇಧಿಸುವಂತಿಲ್ಲ, ಸಮಂಜಸವಾದ ಕಟ್ಟುಪಾಡು ಹಾಕಬಹುದು ಅಷ್ಟೇ. ಫೊಂಟಾನಾ ನಗರ ಮನೆಯೊಳಗಿನ ಗಿಡಕ್ಕೆ 411 ಡಾಲರಿನ ಪರ್ಮಿಟ್ ಇಟ್ಟಿತ್ತು. 2018ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

ಹೊಗೆಯ ವಿಷಯಕ್ಕೆ ರಾಜ್ಯದ್ದೇ ಒಂದು ತಳಪಾಯ ಇದೆ. ಸಾರ್ವಜನಿಕ ಜಾಗದಲ್ಲಿ ಗಾಂಜಾ ಸೇದಿದರೆ 100 ಡಾಲರ್‌ವರೆಗೆ ದಂಡ. ತಂಬಾಕು ಸೇದಬಾರದ ಜಾಗದಲ್ಲಿ ಗಾಂಜಾ ಸೇದಿದರೆ 250ರವರೆಗೆ. ಶಾಲೆಯಿಂದ 1000 ಅಡಿಯೊಳಗೆ ಮಕ್ಕಳಿರುವ ಹೊತ್ತಲ್ಲಿ ಸೇದುವಂತಿಲ್ಲ. ಅಷ್ಟರೊಳಗೆ ಸ್ವಂತ ಮನೆ ಇದ್ದರೆ ವಿನಾಯಿತಿ ಉಂಟು, ಆದರೆ ವಾಸನೆ ಶಾಲೆಗೆ ತಾಕಬಾರದು. ಓಡುವ ಕಾರಿನಲ್ಲಿ ಚಾಲಕನಿಗೂ ಇಲ್ಲ, ಪಕ್ಕದಲ್ಲಿ ಕೂತವನಿಗೂ ಇಲ್ಲ.

ಮೇಲಿನ ಎರಡನೇ ದಂಡವನ್ನು ಇನ್ನೊಮ್ಮೆ ಓದಿ. ತಂಬಾಕು ನಿಷಿದ್ಧವಾದಲ್ಲಿ ಗಾಂಜಾವೂ ನಿಷಿದ್ಧ. ಅಂದರೆ ಸಿಟಿಯವರು ತಮ್ಮ ಹಳೆಯ ತಂಬಾಕು ನಿಯಮದ ಗಡಿಯನ್ನು ಹತ್ತಡಿ ಮುಂದಕ್ಕೆ ಸರಿಸಿದರೆ ಗಾಂಜಾದ ಗಡಿಯೂ ರಾಜ್ಯ ಕಾನೂನಿನ ಬಲದಿಂದ ತಾನಾಗಿ ಹತ್ತಡಿ ಸರಿಯುತ್ತದೆ. ಹೊಗೆಯ ತೊಂದರೆ ಇರುವವರು ಸಿಟಿ ಕಾನೂನಿನ ಗಾಂಜಾ ಅಧ್ಯಾಯದ ಹಿಂದೆ ಬೀಳುವುದಕ್ಕಿಂತ ತಂಬಾಕಿನ ಅಧ್ಯಾಯವನ್ನು ಹಿಡಿಯಬೇಕು. ಇದು ನಮಗೆ ಹೊಳೆಯುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು.

ಇನ್ನೊಂದು ಗೊಂದಲ ಪದದ್ದು. ಇಲ್ಲಿ ಆರ್ಡಿನೆನ್ಸ್ ಅಂದರೆ ನಮ್ಮೂರ ಪತ್ರಿಕೆಗಳ ಸುಗ್ರೀವಾಜ್ಞೆ ಅಲ್ಲ. ಸಿಟಿ ಕೌನ್ಸಿಲ್ ಎರಡು ಸಲ ಓದಿ ಮತ ಹಾಕಿ ಮಾಡುವ ಮಾಮೂಲಿ ಸ್ಥಳೀಯ ಕಾನೂನು. ಅದು ಹೋಗಿ ಸೇರುವುದು ಊರಿನ ಕಾನೂನುಗಳ ಸಂಗ್ರಹವಾದ ಮುನಿಸಿಪಲ್ ಕೋಡಿಗೆ. ಕೋಡಿನಲ್ಲಿ ಹುಡುಕುವಾಗ ಮರಿಹುವಾನಾ, ಕ್ಯಾನಬಿಸ್ ಎರಡೂ ಪದ ಹಾಕಿ ಹುಡುಕಿ. 1996ರಲ್ಲಿ ಪ್ರಾಪೊಸಿಷನ್ 215 ವೈದ್ಯಕೀಯ ಗಾಂಜಾಕ್ಕೆ ದಾರಿ ಮಾಡಿದ ಮೇಲೆ ಬರೆದ ಸೆಕ್ಷನ್‌ಗಳಲ್ಲಿ ಹಳೆಯ ಪದವಿದೆ, 2017ರ ನಂತರದವುಗಳಲ್ಲಿ ಹೊಸದು. ಒಂದೇ ಪದ ಹಾಕಿ ನೋಡಿದ ನಮಗೆ ಅರ್ಧ ಕೋಡ್ ಕಂಡಿರಲೇ ಇಲ್ಲ.

ಶುರುವಾದದ್ದು ಹೋದ ವರ್ಷದ ಫೆಬ್ರವರಿಯಲ್ಲಿ. ಬಹಳಷ್ಟು ಊರುಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಕೌನ್ಸಿಲ್ ಕೂತು ಆ ವರ್ಷ ಯಾವ ಕೆಲಸ ಕೈಗೆತ್ತಿಕೊಳ್ಳಬೇಕು ಅಂತ ಪಟ್ಟಿ ಮಾಡುತ್ತದೆ. ಪಟ್ಟಿಯಲ್ಲಿ ಇಲ್ಲದ ಕೆಲಸಕ್ಕೆ ಸಿಬ್ಬಂದಿ ಕೈ ಹಾಕುವುದಿಲ್ಲ, ಎಷ್ಟು ಇಮೇಲ್ ಹಾಕಿದರೂ "ಸದ್ಯಕ್ಕೆ ಯೋಜನೆಯಲ್ಲಿಲ್ಲ" ಅನ್ನುವ ಉತ್ತರವೇ ಬರುತ್ತದೆ. ಆ ಒಂದು ಸಭೆಗೆ ನಾವು ಹೋಗಿದ್ದು ಅದೃಷ್ಟ. "ಗಾಂಜಾ ಮತ್ತು ಧೂಮಪಾನ ನಿಯಮಗಳ ಮರುಪರಿಶೀಲನೆ" ಪಟ್ಟಿಯ ಕೊನೆಯಲ್ಲಿ ಸೇರಿತು. ಆಮೇಲೆ ನಾಲ್ಕು ತಿಂಗಳು ಸದ್ದೇ ಇಲ್ಲ.

ಆ ಮೌನದಲ್ಲಿ ಸುಮ್ಮನೆ ಕೂರಬೇಡಿ. ಕರಡಿಗೆ ಆಕಾರ ಬರುವುದು ಆಗಲೇ. ಸಿಬ್ಬಂದಿ ಆಗ ಪಕ್ಕದ ಊರುಗಳ ನಿಯಮ ತರಿಸಿ ಕೋಷ್ಟಕ ಮಾಡುತ್ತಿರುತ್ತಾರೆ. ಯಾವ ಊರಿನ ಮಾದರಿ ಮೊದಲು ಅವರ ಮೇಜಿಗೆ ಬೀಳುತ್ತದೋ ಅದರ ವಾಕ್ಯಗಳೇ ಕರಡಿಗೆ ಇಳಿಯುತ್ತವೆ. ನಾವು ಏಪ್ರಿಲಿನಲ್ಲಿ ಪಬ್ಲಿಕ್ ರೆಕಾರ್ಡ್ಸ್ ಅರ್ಜಿ (ನಮ್ಮ ಆರ್‌ಟಿಐ ಥರದ್ದು) ಹಾಕಿ, ಕಳೆದ ಮೂರು ವರ್ಷದಲ್ಲಿ ಹೊಗೆ ಬಗ್ಗೆ ಬಂದ ದೂರುಗಳ ಪ್ರತಿ ಕೇಳಿದೆವು. ಅರ್ಜಿಗೆ ಶುಲ್ಕ ಇಲ್ಲ. ಹತ್ತು ದಿನದೊಳಗೆ ಉತ್ತರ ಕೊಡಬೇಕು, ಕಾರಣ ಕೊಟ್ಟು ಇನ್ನು 14 ದಿನ ಮುಂದೂಡಬಹುದು. ನಕಲಿನ ಖರ್ಚು ಮಾತ್ರ ವಸೂಲಿ ಮಾಡಬಹುದು. ನಮಗೆ ಬಿದ್ದದ್ದು 18 ಡಾಲರ್. ಪಿಡಿಎಫ್ ಆಗಿ ಕೊಡಿ ಅಂತ ಕೇಳಿದ್ದರೆ ಅದೂ ಉಳಿಯುತ್ತಿತ್ತು. ದೂರುಗಳಲ್ಲಿ ಅರ್ಧಕ್ಕೂ ಹೆಚ್ಚು "ಮೂಲ ಪತ್ತೆಯಾಗಲಿಲ್ಲ" ಅಂತ ಮುಚ್ಚಿಹೋಗಿದ್ದವು. ಮುಂದೆ ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಕಾಗದ ಅದೇ.

ಜೂನ್‌ನಲ್ಲಿ ಸ್ಟಡಿ ಸೆಷನ್. ಇಲ್ಲಿ ಮತ ಇರುವುದಿಲ್ಲ, ಬರೀ ಚರ್ಚೆ. ಹಾಗಾಗಿ ಜನ ಬರುವುದಿಲ್ಲ; ನಮ್ಮನ್ನು ಸೇರಿಸಿ ಹದಿನಾಲ್ಕು ಜನ ಇದ್ದೆವು. ಆದರೆ ಕೌನ್ಸಿಲ್ ಸದಸ್ಯರು ಮನಸ್ಸು ಬಿಚ್ಚಿ ಮಾತಾಡಿದ್ದು ಅವತ್ತು ಮಾತ್ರ. ಅವತ್ತೇ ಗೊತ್ತಾದದ್ದು ಏನೆಂದರೆ, ಇದು ಒಂದು ನಿಯಮ ಅಲ್ಲ, ಎರಡು. ಅಂಗಡಿ, ಗೋದಾಮು, ಗಿಡ ಬೆಳೆಸುವುದು ಇವೆಲ್ಲ ಜಮೀನು ಬಳಕೆಯ ವಿಷಯ. ಝೋನಿಂಗ್ ಕೋಡಿಗೆ ಸೇರಿದ್ದು. ಇಂಥವನ್ನು ನೋಡಿ ಶಿಫಾರಸು ಮಾಡುವ ಪ್ಲಾನಿಂಗ್ ಕಮಿಷನ್ನಿನಲ್ಲಿ ಬಹಿರಂಗ ವಿಚಾರಣೆ ಆಗದೆ ಕೌನ್ಸಿಲಿಗೆ ಬರುವಂತಿಲ್ಲ. ಪಾರ್ಕು, ಬಸ್ ಸ್ಟಾಪು, ಅಪಾರ್ಟ್‌ಮೆಂಟಿನ ಹೊಗೆ ಆರೋಗ್ಯದ ಅಧ್ಯಾಯ. ನೇರ ಕೌನ್ಸಿಲಿಗೇ ಹೋಗಬಹುದು. ನಮ್ಮ ಊರಲ್ಲಿ ಎರಡನ್ನೂ ಒಂದೇ ಪೊಟ್ಟಣ ಕಟ್ಟಿದರು. "ಹೊಗೆ ನಿಯಮವನ್ನು ಬೇರೆ ಮಾಡಿ ಮುಂದಕ್ಕೆ ಕಳಿಸಿ" ಅಂತ ಅವತ್ತು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಅಂಗಡಿಯ ಜಗಳ ಮುಗಿಯುವವರೆಗೆ ನಮ್ಮ ಬಾಲ್ಕನಿಯೂ ಅದರ ಬಾಲಕ್ಕೆ ಕಟ್ಟಿಕೊಂಡು ಕಾಯಬೇಕಾಯಿತು.

ಸೆಪ್ಟೆಂಬರಿನಲ್ಲಿ ಪ್ಲಾನಿಂಗ್ ಕಮಿಷನ್. ವಿಚಾರಣೆಯ ನೋಟಿಸು ನಮ್ಮ ಯಾರ ಮನೆಗೂ ಬರಲಿಲ್ಲ. ವಿಚಾರಿಸಿದಾಗ ತಿಳಿದದ್ದು: ಒಂದು ನಿರ್ದಿಷ್ಟ ಜಾಗದ ಅರ್ಜಿಯಾದರೆ ಸುತ್ತ 300 ಅಡಿಯ ಆಸ್ತಿ ಮಾಲೀಕರಿಗೆ ಪತ್ರ ಹೋಗುತ್ತದೆ. ಇಡೀ ಊರಿಗೆ ಅನ್ವಯಿಸುವ ತಿದ್ದುಪಡಿಗೆ ಮನೆಮನೆಗೆ ಪತ್ರ ಕಳಿಸಬೇಕಿಲ್ಲ, ಪತ್ರಿಕೆಯಲ್ಲಿ ಕನಿಷ್ಠ 20 ದಿನ ಮುಂಚೆ ಜಾಹೀರಾತು ಸಾಕು. ಪತ್ರ ಹೋದರೂ ಅದು ಮಾಲೀಕನಿಗೆ, ಬಾಡಿಗೆದಾರನಿಗಲ್ಲ. ಸಭೆಗಳ ಕಡತ ನೋಡಿಕೊಳ್ಳುವ ಸಿಟಿ ಕ್ಲರ್ಕ್ ಕಚೇರಿಯ ಇಮೇಲ್ ಪಟ್ಟಿಗೆ ಹೆಸರು ಹಾಕಿಸುವುದೊಂದೇ ದಾರಿ. ಎರಡು ನಿಮಿಷದ ಕೆಲಸ, ಮೊದಲ ದಿನವೇ ಮಾಡಿ.

ಆ ವಿಚಾರಣೆ ನಡೆಯಲೇ ಇಲ್ಲ. ಜಾಹೀರಾತಿನಲ್ಲಿ ಚಿಲ್ಲರೆ ಅಂಗಡಿಯ ಮಾತಷ್ಟೇ ಇತ್ತು, ಕರಡಿನಲ್ಲಿ ಮನೆಯೊಳಗಿನ ಗಿಡದ ಕಟ್ಟುಪಾಡೂ ಇತ್ತು. ಒಬ್ಬ ವಕೀಲರು ಎದ್ದು ನಿಂತು ಅದನ್ನು ತೋರಿಸಿದ ಕೂಡಲೇ ಎಲ್ಲ ನಿಂತಿತು. ಹೊಸ ಜಾಹೀರಾತು, ಹೊಸ ಇಪ್ಪತ್ತು ದಿನ, ಮುಂದಿನ ತಿಂಗಳ ಸಭೆ. ಕೆಲಸಕ್ಕೆ ರಜೆ ಹಾಕಿ ಬಂದವರು ಏಳೂವರೆಗೆ ವಾಪಸ್ ಮನೆಗೆ. ಜಾಹೀರಾತು ಬಂದ ದಿನವೇ ಅದನ್ನು ಕರಡಿನ ಪಕ್ಕ ಇಟ್ಟು ಓದಿದ್ದರೆ, ಕ್ಲರ್ಕ್ ಕಚೇರಿಗೆ ಒಂದು ಫೋನ್ ಮಾಡಿದ್ದರೆ ಆ ತಿಂಗಳು ಉಳಿಯುತ್ತಿತ್ತು.

ಅಕ್ಟೋಬರಿನ ವಿಚಾರಣೆಯಲ್ಲಿ ಗೋಡೆಯ ಮೇಲೆ ಮೂಡಿದ್ದು ನಕ್ಷೆ. ಊರಿನ ನಕ್ಷೆ, ಅದರ ಮೇಲೆ ಪ್ರತಿ ಶಾಲೆ, ಡೇ ಕೇರ್ ಸೆಂಟರಿನ ಸುತ್ತ, ಗಾಂಜಾ ಅಂಗಡಿ ಇಡಬಾರದ ಒಂದು ಬಣ್ಣದ ವಲಯ. ರಾಜ್ಯದ ನಿಯಮ 600 ಅಡಿ, ಅಂದರೆ ಸುಮಾರು 183 ಮೀಟರ್. ಸಿಟಿ ಇದನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಅಳೆಯುವುದು ಬಾಗಿಲಿಂದ ಬಾಗಿಲಿಗಲ್ಲ, ನಡೆಯುವ ದಾರಿಯಲ್ಲೂ ಅಲ್ಲ. ಶಾಲೆಯ ಜಾಗದ ಗಡಿಯಿಂದ ಅಂಗಡಿ ಇರುವ ಜಾಗದ ಗಡಿಗೆ ಸರಳರೇಖೆ. ಮಧ್ಯೆ ಹೆದ್ದಾರಿ ಇದ್ದರೂ ಅಷ್ಟೇ. ದೊಡ್ಡ ಮಾಲ್ ದಾಖಲೆಯಲ್ಲಿ ಒಂದೇ ಪಾರ್ಸೆಲ್, ಅಂದರೆ ಒಂದೇ ನಿವೇಶನ ಆಗಿದ್ದರೆ ಅದರ ಒಂದು ಮೂಲೆ ವಲಯಕ್ಕೆ ತಾಕಿದರೂ ಇಡೀ ಮಾಲ್ ಹೊರಗೆ.

ಜಗಳ ಎದ್ದದ್ದು ನಕ್ಷೆಯಲ್ಲಿ ಇಲ್ಲದ್ದರ ಬಗ್ಗೆ. ಮನೆಯಲ್ಲೇ ಡೇ ಕೇರ್ ನಡೆಸುವ ಹೆಂಗಸೊಬ್ಬರು "ನನ್ನ ಮನೆ ಎಲ್ಲಿ?" ಅಂತ ಕೇಳಿದರು. ಇರಲಿಲ್ಲ. ರಾಜ್ಯದ ವ್ಯಾಖ್ಯೆಯಲ್ಲಿ ಡೇ ಕೇರ್ ಸೆಂಟರ್ ಅಂದರೆ ಮನೆಯಲ್ಲಿ ನಡೆಸುವ ಕುಟುಂಬ ಡೇ ಕೇರ್ ಬಿಟ್ಟು ಉಳಿದವು. ಲೈಸೆನ್ಸ್ ಇದ್ದರೂ ಲೆಕ್ಕಕ್ಕಿಲ್ಲ. ನಮ್ಮ ದೇಸಿ ಮಕ್ಕಳು ಎಷ್ಟೊಂದು ಮಂದಿ ಇರುವುದೇ ಅಂಥ ಮನೆಗಳಲ್ಲಿ. ಶಾಲೆ ಅಂದರೆ ಕಿಂಡರ್‌ಗಾರ್ಟನ್‌ನಿಂದ ಹನ್ನೆರಡನೆಯ ತರಗತಿವರೆಗಿನದು. ವಾರಾಂತ್ಯದ ಕನ್ನಡ ಶಾಲೆ, ಭರತನಾಟ್ಯದ ಕ್ಲಾಸು, ದೇವಸ್ಥಾನ ಯಾವುದೂ ರಾಜ್ಯದ ಪಟ್ಟಿಯಲ್ಲಿಲ್ಲ. ಬೇಕಿದ್ದರೆ ಸಿಟಿ ತನ್ನ ಕೋಡಿನಲ್ಲಿ ಸೇರಿಸಿಕೊಳ್ಳಬೇಕು, ಅದಕ್ಕೆ ಹೆಸರು ಹಿಡಿದು ಕೇಳಬೇಕು. "ಮಕ್ಕಳು ಸೇರುವ ಜಾಗಗಳು" ಅಂತ ಮೋಘಂ ಆಗಿ ಕೇಳಿದರೆ ಸಿಟಿ ಅಟಾರ್ನಿ, ಅಂದರೆ ಸಿಟಿಯ ವಕೀಲರು, ನಯವಾಗಿ ಬದಿಗಿಡುತ್ತಾರೆ.

ಆದರೆ ಕೇಳುವ ಮುಂಚೆ ನಕ್ಷೆಯನ್ನೂ ನೋಡಿ. ವಲಯವನ್ನು 1000 ಅಡಿಗೆ ಏರಿಸಿ, ಪಾರ್ಕು, ಗ್ರಂಥಾಲಯ ಸೇರಿಸಿದರೆ ಉಳಿಯುವುದು ಹೆದ್ದಾರಿ ಪಕ್ಕದ ಎರಡು ಮೂರು ಕೈಗಾರಿಕಾ ಪಾರ್ಸೆಲ್. ಕಾಗದದ ಮೇಲೆ ಅನುಮತಿ, ನೆಲದ ಮೇಲೆ ನಿಷೇಧ. ನಮ್ಮ ಗುಂಪಿನಲ್ಲೇ ಇದಕ್ಕೆ ಒಮ್ಮತ ಇರಲಿಲ್ಲ. ಕೀಮೋ ನಡೆಯುತ್ತಿರುವ ರೋಗಿಗೆ ಗಾಂಜಾ ತರಲು ನಲವತ್ತು ನಿಮಿಷ ಡ್ರೈವ್ ಮಾಡುವ ಮನೆಯೂ ನಮ್ಮಲ್ಲಿತ್ತು. ನಿಷೇಧ ಬೇಕಾದರೆ ನಿಷೇಧ ಅಂತಲೇ ಬರೆಯುವುದು ಮರ್ಯಾದೆ ಅನ್ನುವುದು ನಮ್ಮ ಅಭಿಪ್ರಾಯ. ಅಂಗಡಿ ಮುಚ್ಚಿಸಿದರೆ ಗಾಂಜಾ ಊರಿಗೆ ಬರುವುದು ನಿಲ್ಲುತ್ತದೆ ಅನ್ನುವುದೂ ಭ್ರಮೆ. ರಾಜ್ಯದ ಎಸ್‌ಬಿ 1186 ಕಾನೂನು ಜಾರಿಯಾದ 2024ರ ಜನವರಿ 1ರಿಂದ ವೈದ್ಯಕೀಯ ಗಾಂಜಾದ ಡೆಲಿವರಿಯನ್ನು ಯಾವ ಸಿಟಿಯೂ ನಿಷೇಧಿಸುವಂತಿಲ್ಲ.

ಕಮಿಷನ್ 600 ಅಡಿಗೆ ಶಿಫಾರಸು ಮಾಡಿತು. ನವೆಂಬರಿನಲ್ಲಿ ಕೌನ್ಸಿಲ್ ಅದನ್ನು ತಿರುವಿ 1000 ಅಡಿ ಮಾಡಿ, ಜೊತೆಗೆ ಪಾರ್ಕು, ಗ್ರಂಥಾಲಯ ಸೇರಿಸಿತು. ಚಪ್ಪಾಳೆ ಬಿತ್ತು. ಐದೇ ನಿಮಿಷದಲ್ಲಿ ಸಿಟಿ ಅಟಾರ್ನಿ ಮೈಕ್ ಹಿಡಿದರು. ಕಮಿಷನ್ ಪರಿಶೀಲಿಸದ ಬದಲಾವಣೆಯನ್ನು ಝೋನಿಂಗ್ ತಿದ್ದುಪಡಿಗೆ ಸೇರಿಸಿದರೆ ಅದು ವರದಿಗಾಗಿ ಮತ್ತೆ ಕಮಿಷನ್ನಿಗೆ ಹೋಗಬೇಕು. 40 ದಿನದೊಳಗೆ ವರದಿ ಬಾರದಿದ್ದರೆ ಒಪ್ಪಿಗೆ ಅಂತಲೇ ಲೆಕ್ಕ. ನಡುವೆ ಕ್ರಿಸ್‌ಮಸ್. ಜನವರಿಯಲ್ಲಿ ಕಮಿಷನ್ ಮತ್ತೆ ಕೂತು, ಇಪ್ಪತ್ತು ನಿಮಿಷದಲ್ಲಿ ಹೂಂ ಅಂದಿತು. ಹೊಗೆ ನಿಯಮಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲದಿದ್ದರೂ ನಮ್ಮ ಎರಡೂವರೆ ತಿಂಗಳು ಹೋದದ್ದು ಹೀಗೆ.

ಆ ಬಿಡುವಿನಲ್ಲಿ ನಾವು ಕೊನೆಗೂ ಹೊಗೆ ಕರಡನ್ನು ಸಾಲುಸಾಲಾಗಿ ಓದಿದೆವು. ಅಜೆಂಡಾ ಜೊತೆ ಎರಡು ಪ್ರತಿ ಬರುತ್ತವೆ: ಒಂದು ಶುದ್ಧ ಪ್ರತಿ, ಇನ್ನೊಂದರಲ್ಲಿ ತೆಗೆದ ಪದಕ್ಕೆ ಅಡ್ಡಗೆರೆ, ಸೇರಿಸಿದ್ದಕ್ಕೆ ಅಡಿಗೆರೆ. ಎರಡನೆಯದನ್ನೇ ಓದಿ. ಮೊದಲು ವ್ಯಾಖ್ಯೆಗಳ ಪುಟ, ಆಮೇಲೆ ವಿನಾಯಿತಿ, ಆಮೇಲೆ ದಂಡ. ಮುನ್ನುಡಿಯ "ಆದ್ದರಿಂದ"ಗಳನ್ನು ಬಿಟ್ಟುಬಿಡಿ. ಹಳೆಯ ಕೋಡಿನಲ್ಲಿ ಧೂಮಪಾನ ಅಂದರೆ ಉರಿಯುವ ತಂಬಾಕು ಮಾತ್ರ. ಹೊಸ ವ್ಯಾಖ್ಯೆ ತಂಬಾಕು, ಗಾಂಜಾ, ಇ-ಸಿಗರೇಟು, ವೇಪ್ ಎಲ್ಲವನ್ನೂ ಹಿಡಿದಿತ್ತು. ಅದು ಚೆನ್ನಾಗಿತ್ತು. ಎಡವಟ್ಟು ಇದ್ದದ್ದು ಜಾಗದ ವ್ಯಾಖ್ಯೆಯಲ್ಲಿ. ಮನೆ ಅಂದರೆ "ಗೋಡೆ ಮತ್ತು ಚಾವಣಿಯಿಂದ ಆವೃತವಾದ ವಾಸಸ್ಥಳ". ಸಾಮಾನ್ಯ ಜಾಗ ಅಂದರೆ "ಒಂದಕ್ಕಿಂತ ಹೆಚ್ಚು ಮನೆಯವರು ಬಳಸುವ" ಓಣಿ, ಮೆಟ್ಟಿಲು, ಈಜುಕೊಳ. ಬಾಲ್ಕನಿಗೆ ನಾಲ್ಕು ಗೋಡೆ ಇಲ್ಲ, ಅದನ್ನು ಬಳಸುವುದು ಒಂದೇ ಮನೆ. ಅದು ಇತ್ತಲೂ ಇಲ್ಲ, ಅತ್ತಲೂ ಇಲ್ಲ. ಒಳಗೆ ಸೇದುವುದು ತಪ್ಪು, ಸಾರ್ವಜನಿಕವಾಗಿ ಸೇದುವುದು ತಪ್ಪು; ಹಾಗಾದರೆ ಎಲ್ಲರೂ ಎಲ್ಲಿಗೆ ಬರುತ್ತಾರೆ? ಬಾಲ್ಕನಿಗೇ. ಮೇಲಿನ ಮನೆಯ ಬೆಡ್‌ರೂಮಿನ ಕಿಟಕಿಯ ಕೆಳಗೇ. ಇದ್ದ ತೊಂದರೆಯನ್ನು ಈ ನಿಯಮ ದುಪ್ಪಟ್ಟು ಮಾಡುತ್ತಿತ್ತು.

ಇಲ್ಲಿ ಎದುರು ವಾದವನ್ನೂ ಹೇಳಬೇಕು, ಅದು ಹಗುರವಾದ ವಾದವಲ್ಲ. ಬೆಲ್‌ಮಾಂಟ್ ಊರು 2007ರಲ್ಲೇ ಅಪಾರ್ಟ್‌ಮೆಂಟ್ ಒಳಗಿನ ಹೊಗೆಯನ್ನು ನಿಷೇಧಿಸಿ ದೇಶಕ್ಕೆ ಸುದ್ದಿಯಾಗಿತ್ತು. ಆದರೆ ಸ್ಯಾನ್ ಫ್ರಾನ್ಸಿಸ್ಕೋ 2020ರ ಡಿಸೆಂಬರಿನಲ್ಲಿ ಮೂರು ಮತ್ತು ಅದಕ್ಕಿಂತ ಹೆಚ್ಚು ಮನೆಗಳ ಕಟ್ಟಡದಲ್ಲಿ ತಂಬಾಕನ್ನು ನಿಷೇಧಿಸುವ ಕರಡಿಗೆ ಮೊದಲ ಸಲ ಮತ ಹಾಕಿದಾಗ ಗಾಂಜಾವನ್ನು ಹೊರಗಿಟ್ಟಿತು. ಮತ 10-1. ಬೀದಿಯಲ್ಲಿ ಸೇದುವುದು ರಾಜ್ಯ ಕಾನೂನಿಗೆ ವಿರುದ್ಧ, ಮನೆಯಲ್ಲೂ ಬೇಡವೆಂದರೆ ಬಾಡಿಗೆದಾರನಿಗೆ ಕಾನೂನುಬದ್ಧ ಜಾಗವೇ ಉಳಿಯುವುದಿಲ್ಲ, ಸ್ವಂತ ಮನೆಯವನಿಗೆ ಮಾತ್ರ ಉಳಿಯುತ್ತದೆ ಅನ್ನುವುದು ಅಲ್ಲಿಯ ವಾದ. ನಮ್ಮ ಕೌನ್ಸಿಲಿನಲ್ಲೂ ಇಬ್ಬರು ಇದನ್ನೇ ಹಿಡಿದರು. ಅಂಗಡಿಯಲ್ಲೇ ಸೇದುವ ಕೋಣೆಗೆ, ರಾಜ್ಯದ ಎಬಿ 1775 ಕಾನೂನಿನ ನಂತರ 2025ರ ಜನವರಿಯಿಂದ ಊಟ ತಿಂಡಿ ಕೊಡುವ ಗಾಂಜಾ ಕೆಫೆಗೂ, ಸಿಟಿ ಬೇಕೆಂದರೆ ಅನುಮತಿ ಕೊಡಬಹುದು. ನಮ್ಮಲ್ಲಿ ಅದರ ಸುದ್ದಿ ಎತ್ತಲು ಯಾರಿಗೂ ಧೈರ್ಯ ಬರಲಿಲ್ಲ. ಹೊಗೆಯಿಲ್ಲದ ರೂಪಗಳಿಗೆ, ಅಂದರೆ ತಿನ್ನುವಂಥದ್ದಕ್ಕೆ, ನಾಲಿಗೆ ಕೆಳಗೆ ಬಿಡುವ ಹನಿಗೆ, ನಿಯಮ ತಾಕುವುದಿಲ್ಲ ಅಂತ ಸ್ಪಷ್ಟವಾಗಿ ಬರೆಸಿದ್ದು ಕೊನೆಗೆ ಆದ ರಾಜಿ.

ಫೆಬ್ರವರಿಯ ಮೊದಲ ಮಂಗಳವಾರ ಕೌನ್ಸಿಲಿನಲ್ಲಿ ಮೊದಲ ಓದು. ಸಭೆಯ ಪದ್ಧತಿ ತಿಳಿದಿದ್ದರೆ ಅರ್ಧ ಭಯ ಹೋಗುತ್ತದೆ. ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮುಂಚೆ ಹಾಕಲೇಬೇಕು, ಬ್ರೌನ್ ಆಕ್ಟ್ ಅನ್ನುವ ಕಾನೂನು. ಮಂಗಳವಾರದ ಸಭೆಯ ಕಡತ ಶುಕ್ರವಾರ ಬರುತ್ತದೆ, ನೂರೈವತ್ತು ಪುಟ, ಓದಲು ಒಂದು ವೀಕೆಂಡು. ಬರೆದು ಕಳಿಸುವ ಅಭಿಪ್ರಾಯ ಸೋಮವಾರ ಮಧ್ಯಾಹ್ನದೊಳಗೆ ಹೋದರೆ ಸದಸ್ಯರು ಓದುವ ಸಾಧ್ಯತೆ ಇದೆ, ಸಭೆಯ ದಿನ ಸಂಜೆ ಕಳಿಸಿದರೆ ಕಡತಕ್ಕೆ ಸೇರುತ್ತದೆ ಅಷ್ಟೇ. ಹಾಗಂತ ತಡವಾದರೂ ಕಳಿಸದೇ ಇರಬೇಡಿ. ಝೋನಿಂಗ್ ತಿದ್ದುಪಡಿಯನ್ನು ಮುಂದೆ ಯಾರಾದರೂ ಕೋರ್ಟಿಗೆ ಒಯ್ದರೆ, ವಿಚಾರಣೆಯಲ್ಲಿ ಹೇಳಿದ ಅಥವಾ ಬರೆದು ಕೊಟ್ಟ ಅಂಶಗಳನ್ನು ಮಾತ್ರ ಎತ್ತಬಹುದು. ಒಂದು ಪುಟ ಸಾಕು. ಸೆಕ್ಷನ್ ಸಂಖ್ಯೆ, ಈಗಿರುವ ವಾಕ್ಯ, ನೀವು ಕೇಳುವ ವಾಕ್ಯ. ನೋವು ಕೊನೆಯಲ್ಲಿ ಎರಡು ಸಾಲು.

ಮಾತಿಗೆ ಸಿಗುವುದು ಸಾಮಾನ್ಯವಾಗಿ ಮೂರು ನಿಮಿಷ, ಜನ ಹೆಚ್ಚಾದರೆ ಎರಡೋ ಒಂದೋ. ನಮ್ಮ ಪಕ್ಕದ ಮನೆಯ ಅಜ್ಜಿಗೆ ಇಂಗ್ಲಿಷ್ ಬಾರದು. ದುಭಾಷಿ ಜೊತೆ ಮಾತಾಡುವವರಿಗೆ ದುಪ್ಪಟ್ಟು ಸಮಯ ಕೊಡಬೇಕು ಅಂತ ಬ್ರೌನ್ ಆಕ್ಟಿನಲ್ಲೇ ಇದೆ. ಕ್ಲರ್ಕಿಗೆ ಮುಂಚೆಯೇ ಹೇಳಿಟ್ಟಿದ್ದೆವು. ಅಜ್ಜಿ ಸೆರಗು ಸರಿ ಮಾಡಿಕೊಂಡು ಮೈಕಿನ ಮುಂದೆ ನಿಂತು, "ಕಿಟಕಿ ಮುಚ್ಚಿದ್ರೆ ಸೆಕೆ, ತೆಗೆದ್ರೆ ವಾಸನೆ. ಕೂಸು ಮಲಗೋ ಹೊತ್ತಿಗೇ ಬರುತ್ತೆ. ಒಳಗೆ ಸೇದಬೇಡ ಅಂತೀರಿ, ಬಾಗಿಲು ತೆಗೆದು ಒಂದು ಹೆಜ್ಜೆ ಆಚೆ ಇಟ್ರೆ ಸರಿ ಅಂತೀರಿ. ಹೊಗೆಗೆ ಬಾಗಿಲು ಗೊತ್ತಾ ಸ್ವಾಮಿ?" ಅಂದರು. ಮೇಜಿನ ಮೇಲೆ ಸಮಯ ತೋರಿಸುವ ದೀಪ ಇನ್ನೂ ಹಸಿರಾಗಿತ್ತು. ಸೊಸೆ ಅನುವಾದ ಮುಗಿಸಿದಾಗ ಮೇಯರ್ ತಮ್ಮ ಪ್ರತಿಯ ಪುಟ ತಿರುವುತ್ತಿದ್ದರು. ಆದರೂ ಅವತ್ತು ಕರಡು ಇದ್ದ ಹಾಗೇ ಪಾಸಾಯಿತು. ರಾತ್ರಿ ಹನ್ನೊಂದೂಕಾಲು, ಎಲ್ಲರಿಗೂ ಸುಸ್ತು.

ಮೈಕಿನ ಮುಂದೆ ನಿಲ್ಲುವ ನಮ್ಮವರಿಗೆ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ರಾಜ್ಯದಲ್ಲಿ ಸರಿಯಾದದ್ದು ಫೆಡರಲ್ ಕಾನೂನಿನಲ್ಲಿ ಇನ್ನೂ ನಿಯಂತ್ರಿತ ಮಾದಕ ವಸ್ತು. ವಲಸೆ ನೋಡುವುದು ಫೆಡರಲ್ ಸರ್ಕಾರ. ಎಚ್-1ಬಿಯಲ್ಲಿರುವವರು, ಗ್ರೀನ್ ಕಾರ್ಡ್ ಇರುವವರು "ನಾನೂ ಆಗಾಗ ಸೇದುತ್ತೇನೆ, ಆದರೆ..." ಅಂತ ಮಾತು ಶುರು ಮಾಡಬೇಡಿ. ಶಿಕ್ಷೆಯಾಗದಿದ್ದರೂ ಬರೀ ಒಪ್ಪಿಕೊಂಡ ಮಾತು ತೊಂದರೆ ಕೊಡಬಹುದು. ಸಭೆ ವಿಡಿಯೊ ಆಗಿ ಉಳಿಯುತ್ತದೆ. 2019ರ ಏಪ್ರಿಲಿನಲ್ಲಿ ವಲಸೆ ಇಲಾಖೆ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ರಾಜ್ಯದಲ್ಲಿ ಕಾನೂನುಬದ್ಧವಾದ ಗಾಂಜಾ ಉದ್ಯಮದಲ್ಲಿ ಕೆಲಸ ಮಾಡುವುದೂ ಪೌರತ್ವದ ಅರ್ಜಿಗೆ ಅಡ್ಡ ಬರಬಹುದು. ಇನ್ನೊಂದು: ಸಭೆಗೆ ಬರಲು ಹೆಸರು ಬರೆಸುವುದು ಕಡ್ಡಾಯ ಅಲ್ಲ. ನಾವು ವಲಸೆ ವಕೀಲರ ಹತ್ತಿರ ಒಂದು ಗಂಟೆ ಕೂತು 350 ಡಾಲರ್ ಕೊಟ್ಟೆವು. 14 ತಿಂಗಳ ದೊಡ್ಡ ಖರ್ಚು ಅದೇ. ನಕಲಿನ 18, ಪ್ರಿಂಟಿನ 26 ಸೇರಿ ಒಟ್ಟು 394, ಮನೆಗೆ ಸುಮಾರು 36 ಡಾಲರ್ ಬಿತ್ತು.

ಎರಡನೇ ಓದು ಎರಡು ವಾರದ ಮೇಲೆ. ಎರಡು ಓದಿನ ನಡುವೆ ಕನಿಷ್ಠ ಐದು ದಿನ ಇರಬೇಕು ಅನ್ನುವುದು ರಾಜ್ಯದ ನಿಯಮ. ನಮ್ಮ ಕೌನ್ಸಿಲ್ ತಿಂಗಳಿಗೆ ಎರಡೇ ಮಂಗಳವಾರ ಸೇರುವುದರಿಂದ ಅದು ಹದಿನಾಲ್ಕಾಗುತ್ತದೆ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಎರಡನೇ ಓದು ಕನ್ಸೆಂಟ್ ಕ್ಯಾಲೆಂಡರಿನಲ್ಲಿ ಇರುತ್ತದೆ. ಅಂದರೆ ಹಿಂದಿನ ಸಭೆಯ ನಡಾವಳಿ, ಟೆಂಡರು, ಬಿಲ್ಲು ಇವುಗಳ ಜೊತೆ ಒಂದೇ ಮತದಲ್ಲಿ, ಚರ್ಚೆ ಇಲ್ಲದೆ, ಸಭೆಯ ಮೊದಲ ಕಾಲು ಗಂಟೆಯಲ್ಲೇ ಮುಗಿದುಹೋಗುತ್ತದೆ. ಏಳು ಗಂಟೆಯ ಸಭೆಗೆ ಏಳೂವರೆಗೆ ಬಂದರೆ ಕೆಲಸ ಕೆಟ್ಟಂತೆ. ಆ ಮತಕ್ಕೆ ಮುಂಚೆ ಮಾತಾಡಬೇಕು, ಅದನ್ನು ಪಟ್ಟಿಯಿಂದ ಹೊರಗೆಳೆಯುವಂತೆ ಒಬ್ಬ ಸದಸ್ಯರನ್ನು ಮುಂಚೆಯೇ ಒಪ್ಪಿಸಿರಬೇಕು. ನಾವು ಶನಿವಾರ ಇಬ್ಬರು ಸದಸ್ಯರಿಗೆ ಒಂದೇ ವಾಕ್ಯ ಕಳಿಸಿದ್ದೆವು: ಮನೆಯ ವ್ಯಾಖ್ಯೆಗೆ "ಮತ್ತು ಅದಕ್ಕೆ ಹೊಂದಿಕೊಂಡ ಬಾಲ್ಕನಿ, ಡೆಕ್, ಪ್ಯಾಟಿಯೊ" ಸೇರಿಸಿ. ಜೊತೆಗೆ ಆ ಹಳೆಯ ದೂರುಗಳ ಪ್ರತಿ. "ಮೂಲ ಪತ್ತೆಯಾಗಲಿಲ್ಲ" ಅಂದವುಗಳಲ್ಲಿ ಬಾಲ್ಕನಿ ಅಂತ ಬರೆದಿದ್ದ ಜಾಗಕ್ಕೆಲ್ಲ ಹಳದಿ ಬಣ್ಣ ಬಳಿದಿದ್ದೆವು.

ಹೊರಗೆಳೆದರು, ಒಪ್ಪಿದರು. ಸಂತೋಷ ಹತ್ತು ನಿಮಿಷ. ಎರಡನೇ ಓದಿನಲ್ಲಿ ಅಕ್ಷರದೋಷ ತಿದ್ದಬಹುದು, ಅರ್ಥ ಬದಲಾದರೆ ಅವತ್ತೇ ಪಾಸು ಮಾಡುವಂತಿಲ್ಲ, ಮತ್ತೆ ಕನಿಷ್ಠ ಐದು ದಿನ ಬಿಟ್ಟು ಮಾಮೂಲಿ ಸಭೆಯಲ್ಲಿ ತರಬೇಕು. ನಮಗೆ ಮತ್ತೆ ಎರಡು ವಾರ. ಮಾರ್ಚಿನ ಮೊದಲ ಮಂಗಳವಾರ ಅಂತಿಮ ಮತ ಬಿತ್ತು. ಅದೇ ಸಾಲನ್ನು ಜೂನ್‌ನಲ್ಲಿ, ಕರಡು ಬರೆಯುವ ಸಿಬ್ಬಂದಿಯ ಇಮೇಲಿಗೆ ಕಳಿಸಿದ್ದರೆ ಈ ಯಾವ ಸರ್ಕಸ್ಸೂ ಬೇಕಿರಲಿಲ್ಲ.

ಅಂತಿಮ ಮತದ ಮೇಲೆ 30 ದಿನ ಕಾಯಬೇಕು. ಈ ಅವಧಿಯಲ್ಲಿ ಊರಿನ ನೋಂದಾಯಿತ ಮತದಾರರಲ್ಲಿ ಶೇ. 10ರಷ್ಟು ಜನ ಸಹಿ ಹಾಕಿದರೆ ನಿಯಮವನ್ನು ತಡೆಹಿಡಿದು ಜನಮತಕ್ಕೆ ಒಯ್ಯಬಹುದು. ನಮ್ಮಲ್ಲಿ ಯಾರೂ ಸಹಿ ಸಂಗ್ರಹಕ್ಕೆ ಇಳಿಯಲಿಲ್ಲ. ಗಾಂಜಾ ತೆರಿಗೆ ಹಾಕಬೇಕಿದ್ದರೆ ಅದು ಬೇರೆಯೇ ದಾರಿ. ಸ್ಥಳೀಯ ತೆರಿಗೆಗೆ ಮತದಾರರೇ ಒಪ್ಪಬೇಕು, ಕೌನ್ಸಿಲ್ ಒಂದೇ ತೀರ್ಮಾನಿಸುವಂತಿಲ್ಲ.

ಈಗ ಜಾರಿಯಲ್ಲಿರುವುದು ಹೀಗಿದೆ. ಸಾಮಾನ್ಯ ಜಾಗ ಮತ್ತು ಬಾಲ್ಕನಿಗೆ ನಿಯಮ ಈಗಲೇ ಅನ್ವಯ. ಮನೆಯೊಳಗೆ, ಹೊಸ ಬಾಡಿಗೆ ಕರಾರಿಗೆ ಈಗಿನಿಂದ, ಹಳೆಯದಕ್ಕೆ 12 ತಿಂಗಳ ಗಡುವು. ನಿಮ್ಮ ಮಾಲೀಕ ಸಿಟಿಗಿಂತ ಮುಂಚೆಯೇ ನಿಷೇಧಿಸಬಹುದು, ರಾಜ್ಯದ ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ತಿಂಗಳ ಬಾಡಿಗೆಯಲ್ಲಿರುವವರಿಗೆ 30 ದಿನದ ಲಿಖಿತ ಸೂಚನೆ ಕೊಟ್ಟರೆ ಸಾಕು. ಹಾಗಾಗಿ ಸಿಟಿ ಹಾಲಿನ ಕೆಲಸ ನಡೆಯುತ್ತಿರುವಾಗಲೇ ಮ್ಯಾನೇಜರ್ ಹತ್ತಿರವೂ ಒಂದು ಮಾತು ಹಾಕಿಟ್ಟಿರಿ. ಮನೆಯ ಮಟ್ಟದಲ್ಲಿ, ಸಿಂಕಿನ ಕೆಳಗೆ ಪೈಪು ಗೋಡೆಗೆ ಹೋಗುವ ಸಂದು, ಪ್ಲಗ್ ಪಾಯಿಂಟಿನ ಹಿಂದೆ, ಬಾತ್‌ರೂಮಿನ ಫ್ಯಾನ್ ಡಕ್ಟು ಇವುಗಳಿಂದ ಹೊಗೆ ನುಸುಳುತ್ತದೆ. ಸಂದು ಮುಚ್ಚಿದರೆ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ.

ಈ ಒಂಬತ್ತು ದಿನದಲ್ಲಿ ನಮ್ಮ ಕಡೆಯಿಂದ ಎರಡು ದೂರು ಹೋಗಿವೆ. ಮೊದಲನೆಯದರಲ್ಲಿ "ಕೆಳಗಿನ ಮನೆಯಿಂದ ವಿಪರೀತ ಗಾಂಜಾ ವಾಸನೆ" ಅಂತ ಬರೆದಿದ್ದೆವು; ಯಾವ ಮನೆ ಅಂತ ಇಲ್ಲದ್ದರಿಂದ ಹಿಂದಿನವುಗಳ ಹಾಗೆಯೇ ಮುಚ್ಚಿಹೋಯಿತು. ವಾಸನೆ ಸಾಲದು, ಮೂಲ ಬೇಕು. ಎರಡನೆಯದನ್ನು ಎರಡು ಬೇರೆ ಮನೆಯವರು ಬೇರೆ ಬೇರೆ ಬರೆದು ಕಳಿಸಿದರು: ಮನೆ ಸಂಖ್ಯೆ, ಪೂರ್ವ ದಿಕ್ಕಿನ ಬಾಲ್ಕನಿ, ರಾತ್ರಿ 9:40ರಿಂದ 9:55, ಹೊಸ ಸೆಕ್ಷನ್ನಿನ ಸಂಖ್ಯೆ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಎಚ್ಚರಿಕೆ ಪತ್ರ ಆ ಬಾಗಿಲಿಗೆ ಅಂಟಿತ್ತು.